ಹೋಬರ್ಟ್ ಚಿಕ್ಕಪ್ಪನ ಹೆಸರು ಬರುವವರೆಗೆ

ಪೈನ್ ಫೋರ್ಕ್, ಕೆಂಟಕಿ
ಅಕ್ಟೋಬರ್ 9, ಭಾನುವಾರ

ಪ್ರೀತಿಯ ಗ್ಲೆನ್ನಾ,

ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ನನ್ನ ಜೊತೆ ಮಾತು ಬಿಟ್ಟವಳು ಈಗ ಒಂದು ಕಾರ್ಡು ಬರೆದಿದ್ದೀಯ. ಅದರಲ್ಲಿ ಕ್ಷೇಮವಿಲ್ಲ, ಸಮಾಚಾರವಿಲ್ಲ, ಒಂದೇ ಒಂದು ಪ್ರಶ್ನೆ. ಆವತ್ತು ಅಪ್ಪನ ಆಕ್ಸಿಜನ್ ಯಂತ್ರದ ಬ್ಯಾಟರಿ ಚಾರ್ಜ್ ಮಾಡಿದ್ದೆಯಾ, ಇಲ್ಲವಾ?

ಮಾಡಿದ್ದೆ. ಪೂರ್ತಿ ಮಾಡಿದ್ದೆ. ಇನ್ನೊಂದು ಬ್ಯಾಟರಿ ನನ್ನ ಕೈಚೀಲದಲ್ಲಿತ್ತು, ಅದೂ ಪೂರ್ತಿಯಾಗಿತ್ತು. ನೀನು ಓಹಾಯೋದಿಂದ ಕೊಂಡು ಕಳಿಸಿದ ಯಂತ್ರಕ್ಕೆ ಏನೂ ಆಗಿರಲಿಲ್ಲ, ಇವತ್ತಿಗೂ ಏನೂ ಆಗಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತಿದೆ. ಗುಂಡಿ ಒತ್ತಿದರೆ ಕುಂಯ್ ಎಂದು ಕೂಗಿ ಏಳುತ್ತದೆ. ಅದನ್ನು ಆವತ್ತು ಆರಿಸಿದ್ದು ಅಪ್ಪನೇ. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

ಇಷ್ಟು ಓದಿ ಕಾಗದ ಹರಿದು ಹಾಕಬೇಡ, ಪೂರ್ತಿ ಓದು. ಬೇಕಾದರೆ ಆಮೇಲೆ ಹರಿ.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಆಸ್ಪತ್ರೆಯಲ್ಲಿ ಅಪ್ಪ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಒಂಚೂರು ಸರಿಸಿ ನನಗೆ ಹೇಳಿದ್ದು ಎರಡೇ ಮಾತು. ಒಂದು ಇದು. "ಗ್ಲೆನ್ನಾಗೆ ಹೇಳ್ಬೇಡ ಕಣೇ. ಅಷ್ಟು ಆಸೆಪಟ್ಟು ಕಳ್ಸಿದಾಳೆ. ಆರ್ಸಿಟ್ಟೆ ಅಂದ್ರೆ ಬೇಜಾರು ಮಾಡ್ಕೊಳ್ತಾಳೆ." ನಾನು ಆಯ್ತು ಅಂದೆ. ಬ್ಯಾಟರಿ ಮುಗಿದು ಹೋಯಿತಾ ಅಂತ ಡಾಕ್ಟರು ಕೇಳಿದಾಗ ಬಾಯಿ ಬಿಡಲಿಲ್ಲ, ಅವರು ಹೌದು ಅಂದುಕೊಂಡರು. ಊರಿನವರೂ ಅದನ್ನೇ ಅಂದುಕೊಂಡರು. ಸ್ಮಶಾನದಲ್ಲಿ ಎಲ್ಲರೆದುರಿಗೆ ನೀನು "ಒಂದು ವೈರು ಗೋಡೆಗೆ ಸಿಕ್ಸಕ್ಕೆ ಆಗ್ಲಿಲ್ವಾ ನಿನ್ ಕೈಲಿ?" ಅಂತ ಕೇಳಿದಾಗಲೂ ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ. ನಿನ್ನ ಮಗಳು ಹೋದ ವಾರ ಫೋನ್ ಮಾಡಿದ್ದಳು. ನೀನು ಊಟ ಬಿಟ್ಟಿದ್ದೀಯಂತೆ, ಹಳೇ ಯಂತ್ರ ಕೊಂಡು ಅಪ್ಪನನ್ನು ಕೊಂದೆ ಅನ್ನುತ್ತೀಯಂತೆ. ನನ್ನನ್ನು ಬೈಯುವಷ್ಟು ದಿನ ಬೈ ಅಂತ ಬಿಟ್ಟಿದ್ದೆ. ನಿನ್ನನ್ನೇ ನೀನು ಬೈದುಕೊಳ್ಳಲು ಬಿಡಲಾರೆ.

ಲೈಮನ್ ಟ್ಯಾಕೆಟ್ ಅಂದರೆ ನಮ್ಮ ಮನೆಯಲ್ಲಿ ಏನು ಅಂತ ನಿನಗೆ ಗೊತ್ತು. ಆದರೂ ನೀನು ಊರು ಬಿಟ್ಟು ತುಂಬಾ ವರ್ಷವಾಯಿತು, ನೆನಪು ಮಾಡುತ್ತೇನೆ. ಗುಡ್ಡದ ಆಚೆ ಬದಿಯವನು. ತಾನೇ ಹಾಡು ಕಟ್ಟಿ, ತಾನೇ ಗಿಟಾರ್ ಹಿಡಿದು ಹಾಡುವವನು. ಅಪ್ಪನ ಪಿಕಪ್ ಗಾಡಿಯಲ್ಲಿ ಅವನ ಕ್ಯಾಸೆಟ್ಟುಗಳು ಬಿಟ್ಟರೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ನಮ್ಮಿಬ್ಬರದು. ಲಾಂಡ್ರಿಯಲ್ಲಿ ಹೊರೆಗಟ್ಟಲೆ ಹಾಸಿಗೆ ಬಟ್ಟೆ ಮಡಿಚುವಾಗ ನಾನು ಈಗಲೂ ಅವನ ಹಾಡನ್ನೇ ಗುನುಗುತ್ತೇನೆ. ದೊಡ್ಡ ದೊಡ್ಡ ಊರುಗಳಲ್ಲಿ ಹಾಡಿ ಹೆಸರು ಮಾಡಿದ ಮೇಲೂ ಅವನ ಬಾಯಲ್ಲಿ ನಮ್ಮ ಕಡೆಯ ಮಾತು ಹಾಗೇ ಉಳಿದಿದೆ, ಅದಕ್ಕೇ ಅವನೆಂದರೆ ನನಗಿಷ್ಟ.

ನಾಲ್ಕನೇ ನಂಬರ್ ಕಲ್ಲಿದ್ದಲು ಗಣಿ ಸಿಡಿದ ದಿನದ ಮೇಲೆ ಅವನದೊಂದು ಹಾಡಿದೆ. ಅವನ ಅಜ್ಜನೂ ಅದರಲ್ಲೇ ಹೋದವನು. ಸತ್ತವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ, ಹೆಣಗಳನ್ನು ಯಾವ ಕ್ರಮದಲ್ಲಿ ಮೇಲೆ ತಂದರೋ ಅದೇ ಕ್ರಮದಲ್ಲಿ. ಹೋಬರ್ಟ್ ಚಿಕ್ಕಪ್ಪನನ್ನು ಎಲ್ಲರಿಗಿಂತ ಕಡೆಗೆ ತಂದರು. ತಂದವನು ಅಪ್ಪ. ತಮ್ಮನ ಕಾಲು ಹಿಡಿದು ಎಳೆದುಕೊಂಡು ಬಂದಿದ್ದನ್ನು ಅಪ್ಪ ನಮಗೆ ಯಾವತ್ತೂ ಹೇಳಲಿಲ್ಲ, ಅಮ್ಮ ಹೇಳಿದ್ದು. ಹಾಗಾಗಿ ಹಾಡಿನ ಕಟ್ಟಕಡೆಯ ಹೆಸರು ಹೋಬರ್ಟ್ ಸ್ಟಿಡಮ್. ಲೈಮನ್ ಆ ಹಾಡನ್ನು ಎಲ್ಲೂ ರೆಕಾರ್ಡ್ ಮಾಡಿರಲಿಲ್ಲ, ಬೇರೆ ಊರಲ್ಲಿ ಹಾಡುತ್ತಲೂ ಇರಲಿಲ್ಲ. ನಮ್ಮ ಕೌಂಟಿಗೆ ಬಂದಾಗ, ಸತ್ತವರ ಕಡೆಯವರು ಎದುರಿಗೆ ಕೂತಿದ್ದಾಗ ಮಾತ್ರ. ಮೊದಲೆಲ್ಲ ಅವನು ಬಂದಾಗ ಅಪ್ಪನಿಗೆ ಗಣಿಯಲ್ಲಿ ಪಾಳಿ ಇರುತ್ತಿತ್ತು. ಹೋದ ಸಲ ಬಂದಾಗ ಅಮ್ಮ ಹಾಸಿಗೆ ಹಿಡಿದಿದ್ದಳು, ಅಪ್ಪ ಹೋಗಲಿಲ್ಲ. ಹೋದವರೆಲ್ಲ ಬಂದು "ನಿನ್ ತಮ್ಮನ ಹೆಸರು ಎಷ್ಟು ಚೆನ್ನಾಗಿ ಹೇಳ್ದ ಗೊತ್ತಾ" ಅಂತ ಹೇಳಿ ಹೇಳಿ ಅಪ್ಪನ ಹೊಟ್ಟೆ ಉರಿಸಿದರು. ಅವತ್ತಿನಿಂದ ಅದೊಂದೇ ಆಸೆ. ಒಂದು ಸಲ ಕಿವಿಯಾರೆ ಕೇಳಬೇಕು.

ಏಪ್ರಿಲ್‌ನಲ್ಲಿ ಲಿಂಡನ್ ಥಿಯೇಟರಿಗೆ ಲೈಮನ್ ಬರುತ್ತಾನೆ ಅಂತ ಗೊತ್ತಾದಾಗ ಡಾಕ್ಟರು ಬೇಡ ಅಂದರು. ಗಣಿಯ ಧೂಳು ಕೂತು ಕಲ್ಲಾದ ಶ್ವಾಸಕೋಶ, ಮೆಟ್ಟಿಲು ಹತ್ತಿಸಬೇಡಿ, ಜನಜಂಗುಳಿ ಬೇಡ ಅಂದರು. ಅಪ್ಪ ಡಾಕ್ಟರ ಮುಖ ನೋಡಿ "ನೀವು ಹಾಡ್ತೀರಾ ಹಾಗಾದ್ರೆ?" ಅಂದ. ಅಲ್ಲಿಗೆ ಮುಗಿಯಿತು.

ಶನಿವಾರ ಮಧ್ಯಾಹ್ನದ ಪ್ರದರ್ಶನ. ಬೆಳಿಗ್ಗೆಯೇ ಅಪ್ಪ ಗಡ್ಡ ಕೆರೆದು, ಅಮ್ಮನ ಮಣ್ಣಿಗೆ ಹಾಕಿದ್ದ ಕೋಟು ಹಾಕಿ, ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದ. ಬೀನ್ಸ್ ಕಾಳು ಬೇಯಿಸಿ ಇಟ್ಟರೆ ಎರಡು ಚಮಚ ತಿಂದು ಪಕ್ಕಕ್ಕೆ ತಳ್ಳಿದ. ಯಂತ್ರವನ್ನು ಹೆಗಲಿಗೆ ಹಾಕಿಕೊಟ್ಟೆ. ನಿನಗೆ ಗೊತ್ತಲ್ಲ, ಅದಕ್ಕೆ ಅಪ್ಪ ಗ್ಲೆನ್ನಾಳ ವ್ಯಾನಿಟಿ ಬ್ಯಾಗು ಅಂತ ಹೆಸರಿಟ್ಟಿದ್ದ. ಥಿಯೇಟರಿನ ಬಾಗಿಲಲ್ಲಿ ಕಂಡವರಿಗೆಲ್ಲ "ನೋಡ್ರಪ್ಪಾ, ಈ ವಯಸ್ಸಲ್ಲಿ ಬ್ಯಾಗ್ ಹಾಕ್ಕೊಂಡು ಓಡಾಡೋ ಹಾಗಾಯ್ತು" ಅಂತ ತೋರಿಸಿಕೊಂಡು ಬಂದ. ಅಷ್ಟು ಖುಷಿಯಾಗಿ ಅಪ್ಪನನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ.

ಮೊದಲ ಸಾಲಿನಲ್ಲಿ, ನಟ್ಟನಡುವೆ ನಮ್ಮ ಜಾಗ. ಲೈಮನ್ ಬೂಟಿನ ಮೇಲಿನ ಕೆಸರು ಕಾಣುವಷ್ಟು ಹತ್ತಿರ. ಹಳೇ ಸಿನಿಮಾ ಮಂದಿರ, ಇನ್ನೂರು ಜನ ಕೂತರೆ ತುಂಬಿತು. ಅವನು ಬಂದು ಗಿಟಾರಿನ ತಂತಿ ಬಿಗಿ ಮಾಡುತ್ತಾ, "ಬೇರೆ ಊರಲ್ಲಿ ಹಾಡೋದು ಸುಲಭ. ಇಲ್ಲಿ ನಮ್ಮಮ್ಮ ಎರಡನೇ ಸಾಲಲ್ಲಿ ಕೂತು ಯಾವ ಹಾಡಲ್ಲಿ ಎಷ್ಟು ಸುಳ್ಳು ಹೇಳ್ದೆ ಅಂತ ಲೆಕ್ಕ ಇಡ್ತಾಳೆ" ಅಂದ. ಎರಡನೇ ಸಾಲಿನಿಂದ "ಮೊದ್ಲು ಹಾಡು" ಅಂತ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು. ಅವನ ದನಿ ಒಡೆದಿದೆ ಗ್ಲೆನ್ನಾ, ಮೊದಲಿನ ಹಾಗೆ ಮೇಲಕ್ಕೆ ಹೋಗುವುದಿಲ್ಲ. ಆದರೆ ಹೋಗಲಾರದ ಕಡೆ ಅವನು ನಿಲ್ಲಿಸಿ ಮಾತಿನಂತೆ ಹೇಳಿಬಿಡುತ್ತಾನೆ. ನಾನು ಮೊದಲ ಹಾಡಿಗೇ ಅತ್ತೆ. ಅಪ್ಪ ಕರವಸ್ತ್ರ ಕೊಟ್ಟು, "ಈಗ್ಲೇ ಎಲ್ಲಾ ಸುರಿಸ್ಬೇಡ, ಆಮೇಲಿಗೂ ಒಂಚೂರು ಇಟ್ಕೋ" ಅಂದ.

ಅವತ್ತು ಹಾಡುಗಳನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದರು, ಅಲ್ಲೇ, ಜನರೆದುರಿಗೇ. ಗಣಿಯ ಹಾಡೂ ಈ ಸಲ ರೆಕಾರ್ಡಿಗೆ ಹೋಗುತ್ತದೆ ಅಂತ ಲೈಮನ್ ಹೇಳಿದ. ಕೆಮ್ಮು ಬಂದರೆ ಹಾಡು ಮುಗಿಯುವವರೆಗೆ ತಡಕೊಳ್ಳಿ, ಮಿಠಾಯಿಯ ಕಾಗದ ಬಿಚ್ಚಬೇಡಿ ಅಂತ ಮೊದಲೇ ಹೇಳಿದ್ದರು. ಅಪ್ಪನ ಯಂತ್ರ ಪ್ರತಿ ಉಸಿರಿಗೂ ಪುಸ್ ಅನ್ನುತ್ತದಲ್ಲ, ಅದು ಯಾರಿಗೂ ನೆನಪಾಗಿರಲಿಲ್ಲ. ನನಗೂ ಆಗಿರಲಿಲ್ಲ. ಮನೆಯಲ್ಲಿ ಆ ಸದ್ದು ಗಡಿಯಾರದ ಸದ್ದಿನ ಹಾಗೆ, ಕೇಳಿಸುವುದೇ ಇಲ್ಲ.

ವಿರಾಮದಲ್ಲಿ ಅರ್ಲೀನ್ ಕಾಡಿಲ್ ಬಂದಳು. ನನ್ನ ಜೊತೆ ಶಾಲೆಗೆ ಬರುತ್ತಿದ್ದ ಅದೇ ಅರ್ಲೀನ್, ಈಗ ಥಿಯೇಟರ್ ನೋಡಿಕೊಳ್ಳುವವಳು. ಅಪ್ಪನೆದುರು ಮಂಡಿಯೂರಿ ಕೂತು, ಕೈ ಹಿಡಿದುಕೊಂಡು, "ಆರ್ಬಿನ್ ಅಂಕಲ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಿಷಿನ್ ಸದ್ದು ಮೈಕಿಗೆ ಹೋಗ್ತಿದೆಯಂತೆ. ರೆಕಾರ್ಡ್ ಮಾಡಕ್ಕೆ ನ್ಯಾಶ್‌ವಿಲ್‌ನಿಂದ ಬಂದಿರೋರು ತಲೆ ಚಚ್ಕೊಳ್ತಿದಾರೆ. ಹಿಂದ್ಗಡೆ ಗಾಜಿನ ರೂಮಿದೆಯಲ್ಲ, ಅಲ್ಲಿ ಸ್ಪೀಕರ್ ಹಾಕಿದೀವಿ, ಸೋಫಾನೂ ಇದೆ. ಅಲ್ಲಿ ಕೂತ್ಕೊಳ್ಳಿ" ಅಂದಳು.

"ಅಳೋ ಮಕ್ಕಳ ರೂಮಾ?" ಅಂದ ಅಪ್ಪ.

ಹೌದು, ಅದೇ. ಸಿನಿಮಾ ಕಾಲದಲ್ಲಿ ತಾಯಂದಿರು ರಚ್ಚೆ ಹಿಡಿದ ಮಕ್ಕಳನ್ನು ಎತ್ತಿಕೊಂಡು ಹೋಗಿ ಗಾಜಿನ ಹಿಂದೆ ಕೂರುತ್ತಿದ್ದರಲ್ಲ, ಅದು. "ನಮ್ಮ ಗ್ಲೆನ್ನಾ ಅಲ್ಲೇ ಅಲ್ವಾ ಒಂದಿಡೀ ಸಿನಿಮಾ ಕಿರುಚಿದ್ದು? ಅವಳ ಜಾಗ ಅವಳಿಗೇ ಇರ್ಲಿ ಬಿಡು" ಅಂತ ಅಪ್ಪ ನಕ್ಕ. ಅರ್ಲೀನ್ ನಗಲಿಲ್ಲ. ಆಗ ಅಪ್ಪನೂ ನಗು ನಿಲ್ಲಿಸಿದ. "ಹೋಬರ್ಟ್ ಹೆಸರನ್ನ ಗಾಜಿನ ಹಿಂದಿಂದ ಕೇಳಕ್ಕೆ ನಾನು ಬಂದಿಲ್ಲ ಅರ್ಲೀನ್. ನಿಮಗೆ ಸದ್ದು ತಾನೇ ಬೇಡ? ಸದ್ದು ಬರಲ್ಲ, ಹೋಗು."

ಅವಳು ನನ್ನ ಮುಖ ನೋಡಿದಳು. ನಾನು ಅಪ್ಪನಿಗೆ ಹೇಳಿದೆ, ಬಾ, ನಾನೂ ಅಲ್ಲೇ ಕೂರುತ್ತೇನೆ, ಗಾಜಾದರೇನು ಎಲ್ಲಾ ಕಾಣುತ್ತದೆ ಅಂತ. "ನೀನ್ಬೇಕಾದ್ರೆ ಹೋಗು. ಹಾಲಿನ ಬಾಟ್ಲಿ ತಗೊಂಡು ಹೋಗು" ಅಂದ. ಗಣಿಯ ಮೇಲೆ ಹಾಡು ಕಟ್ಟುತ್ತಾರೆ, ಗಣಿ ತಿಂದು ಬಿಟ್ಟ ಮನುಷ್ಯ ಉಸಿರಾಡಿದರೆ ಅದು ಇವರಿಗೆ ಗದ್ದಲ. ನನಗೆ ಅರ್ಲೀನ್ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಅವಳು ಬಲವಂತ ಮಾಡಲಿಲ್ಲ ಗ್ಲೆನ್ನಾ, ಇದನ್ನು ನೀನು ತಿಳಿದುಕೊಳ್ಳಬೇಕು. ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ.

ದೀಪ ಆರುವ ಮೊದಲು ಅಪ್ಪ ನನ್ನ ಕಿವಿಯಲ್ಲಿ ತನ್ನ ಉಪಾಯ ಹೇಳಿದ. "ಜನ ಚಪ್ಪಾಳೆ ತಟ್ಟೋವಾಗ ಹಾಕ್ಕೊಳ್ತೀನಿ. ಹಾಡು ಶುರುವಾದ್ರೆ ಆರಿಸ್ತೀನಿ. ಯಾರಿಗ್ ಗೊತ್ತಾಗತ್ತೆ?" ಇಸ್ಪೀಟಿನಲ್ಲಿ ಎಲೆ ಬಚ್ಚಿಟ್ಟುಕೊಂಡವನ ಮುಖ ಮಾಡಿದ್ದ. ನಾನು ಬೇಡ ಅಂದೆ. ಅಷ್ಟರಲ್ಲಿ ಲೈಮನ್ ಬಂದ, ಅಪ್ಪ ಗುಂಡಿ ಒತ್ತಿದ, ಯಂತ್ರ ಸುಮ್ಮನಾಯಿತು.

ಮೊದಲ ಒಂದೆರಡು ಹಾಡು ಉಪಾಯ ಚೆನ್ನಾಗಿಯೇ ನಡೆಯಿತು. ಜನ ಕೈ ತಟ್ಟುವುದು, ಆ ಗದ್ದಲದಲ್ಲಿ ಯಂತ್ರ ಕುಂಯ್ ಎಂದು ಏಳುವುದು, ಅಪ್ಪ ಎಳೆದೆಳೆದು ಉಸಿರು ತುಂಬಿಕೊಳ್ಳುವುದು. ಆದರೆ ನಮ್ಮೂರ ಜನ ಗೊತ್ತಲ್ಲ, ಮೂರು ತಟ್ಟು ತಟ್ಟಿ ಕೈ ಕಟ್ಟಿಕೊಳ್ಳುವವರು. ಅಪ್ಪನಿಗೆ ಸಾಲುತ್ತಿರಲಿಲ್ಲ. ಆಗ ನಾನು ತಟ್ಟಲು ಶುರು ಮಾಡಿದೆ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದೆ. ಎದ್ದು ನಿಂತು ತಟ್ಟಿದೆ. ಹಿಂದಿನಿಂದ ದಿನಸಿ ಅಂಗಡಿಯ ವರ್ಲಿನ್, "ಏನ್ ರೇವಾ, ಅವನನ್ನ ಮನೇಗ್ ಕರ್ಕೊಂಡು ಹೋಗೋ ಹಾಗಿದೀಯಲ್ಲ!" ಅಂದ. ಲೈಮನ್‌ಗೂ ಕಂಡಿತು. "ಮುಂದಿನ ಸಾಲಿನ ಅಕ್ಕಾ, ಇನ್ನೂ ಹಾಡಿವೆ, ಕೈ ಉಳಿಸ್ಕೊಳ್ಳಿ" ಅಂದ. ಎಲ್ಲರೂ ನಕ್ಕರು, ಆ ನಗುವಿನಲ್ಲಿ ಅಪ್ಪನಿಗೆ ಇನ್ನೊಂದೆರಡು ಉಸಿರು ಸಿಕ್ಕಿತು. ನನ್ನ ಮಾನ ಹೋದರೆ ಹೋಗಲಿ ಅನಿಸಿತು. ಅಂಗೈ ಕೆಂಪಾಗಿ ಉರಿಯುತ್ತಿತ್ತು.

ಪ್ರತಿ ಹಾಡಿಗೂ ಅಪ್ಪ ಇನ್ನಷ್ಟು ಸೋಲುತ್ತಿದ್ದ. ತುಟಿ ನೀಲಿಗೆ ತಿರುಗಿತ್ತು. ಹೋಗೋಣಪ್ಪಾ ಅಂದೆ. ಬೇಡ ಅಂತ ತಲೆಯಾಡಿಸಿದ. ತೋಳು ಹಿಡಿದು ಎಬ್ಬಿಸಲು ನೋಡಿದೆ, ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟು ಶಕ್ತಿ ಎಲ್ಲಿಂದ ಬಂತೋ. ಆ ಕೈಯಲ್ಲೇ ತಾನೇ ಹೋಬರ್ಟ್ ಚಿಕ್ಕಪ್ಪನನ್ನು ಎಳೆದು ತಂದಿದ್ದು.

ಆಮೇಲೆ ಲೈಮನ್ ಗಿಟಾರ್ ಕೆಳಗಿಟ್ಟು, ಹ್ಯಾಟು ತೆಗೆದು ಕೈಯಲ್ಲಿ ಹಿಡಿದ. ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ. ಇಡೀ ಥಿಯೇಟರ್ ಎದ್ದು ನಿಂತಿತು, ಗಂಡಸರ ತಲೆಯ ಮೇಲಿನ ಟೋಪಿಗಳೆಲ್ಲ ಕೆಳಗಿಳಿದವು. ಆ ಹಾಡಿನ ರೀತಿ ನಿನಗೆ ನೆನಪಿದೆಯೋ ಇಲ್ಲವೋ. ಅದಕ್ಕೆ ಯಾರೂ ಕೈ ತಟ್ಟುವ ಹಾಗಿಲ್ಲ. ಅದು ಹಾಡಲ್ಲ, ಸಾವಿನ ಮನೆ. ಕಡೆಯ ಹೆಸರು ಆದ ಮೇಲೆ ಎಲ್ಲರೂ ಸುಮ್ಮನೆ ನಿಲ್ಲಬೇಕು. ಹಾಡಿದವನು ಹ್ಯಾಟನ್ನು ಮತ್ತೆ ತಲೆಗೆ ಹಾಕಿಕೊಳ್ಳುವವರೆಗೂ ಒಬ್ಬರೂ ಮಿಸುಕಾಡಬಾರದು. ನನಗೆ ಇದೆಲ್ಲ ಗೊತ್ತಿತ್ತು ಗ್ಲೆನ್ನಾ. ಆದರೆ ಅಪ್ಪನ ಉಪಾಯಕ್ಕೂ ಇದಕ್ಕೂ ಗಂಟು ಹಾಕಿ ನೋಡಿರಲಿಲ್ಲ. ಅವನು ಹ್ಯಾಟು ತೆಗೆದ ಗಳಿಗೆಯಲ್ಲಿ ಹೊಳೆಯಿತು. ಈ ಹಾಡಿನ ಕೊನೆಯಲ್ಲಿ ಅಪ್ಪನಿಗೆ ಉಸಿರಿಲ್ಲ.

ಅಪ್ಪನೂ ಎದ್ದು ನಿಂತ. ನಾನು ಸೊಂಟಕ್ಕೆ ಕೈ ಕೊಟ್ಟು ಹಿಡಿದುಕೊಂಡೆ. ಲೈಮನ್ ಬರೀ ಬಾಯಲ್ಲಿ, ನಮ್ಮ ಚರ್ಚಿನಲ್ಲಿ ಹಿರಿಯರು ಪ್ರಾರ್ಥನೆಯ ಹಾಡಿನ ಒಂದೊಂದು ಸಾಲು ಹಿಡಿದು ರಾಗ ಎಳೆಯುತ್ತಾರಲ್ಲ ಹಾಗೆ, ಒಂದೊಂದೇ ಹೆಸರನ್ನು ಎಳೆದ. ಪ್ರತಿ ಹೆಸರಿಗೂ ಕತ್ತಲಲ್ಲಿ ಎಲ್ಲೋ ಒಂದು ಕಡೆ ಯಾರೋ ಬಿಕ್ಕುತ್ತಿದ್ದರು. ಅವನ ಅಜ್ಜನ ಹೆಸರು ಬಂದಾಗ ಎರಡನೇ ಸಾಲಿನಲ್ಲಿ ಅವನಮ್ಮ ಬಿಕ್ಕಿದಳು. ನಾನು ಮನಸ್ಸಿನಲ್ಲೇ ಬೇಗ ಬೇಗ ಅನ್ನುತ್ತಿದ್ದೆ. ಸತ್ತವರ ಹೆಸರಿಗೆ ಬೇಗ ಮುಗಿ ಅಂದವಳು ಇಡೀ ಕೌಂಟಿಯಲ್ಲಿ ನಾನೊಬ್ಬಳೇ ಇರಬೇಕು.

ಹೋಬರ್ಟ್ ಸ್ಟಿಡಮ್ ಅಂದ. ಅಪ್ಪನ ತುಟಿಯೂ ಅವನ ಜೊತೆ ಆಡಿತು. ಕೇಳಿಸಿಕೊಂಡ ಗ್ಲೆನ್ನಾ, ಅದು ಖಂಡಿತ, ನಾನು ಮುಖ ನೋಡುತ್ತಿದ್ದೆ.

ಆಮೇಲೆ ಮೌನ. ಗುಂಡಿಗೆ ಕೈ ಹಾಕಿದೆ. ಆ ಹಾಳು ಯಂತ್ರ ಏಳುವಾಗ ಕೂಗುತ್ತದೆ. ಅಷ್ಟು ಜನರ ಮೌನದ ನಡುವೆ, ಹೋಬರ್ಟ್ ಚಿಕ್ಕಪ್ಪನ ಹೆಸರಿನ ಬೆನ್ನಿಗೇ ಅದು ಕುಂಯ್ ಅನ್ನುತ್ತದೆ. ಅಪ್ಪ ನನ್ನ ಕೈ ತಳ್ಳಿದ. ಹಾಗಾದರೆ ಚಪ್ಪಾಳೆಯಾದರೂ ತಟ್ಟಿಬಿಡುತ್ತೇನೆ, ಜನ ಉಗಿದರೆ ಉಗಿಯಲಿ, ಒಬ್ಬಳು ತಟ್ಟಿದರೆ ರೀತಿ ಗೊತ್ತಿಲ್ಲದ ನಾಲ್ಕು ಜನ ಹಿಂದೆಯೇ ತಟ್ಟುತ್ತಾರೆ ಅಂತ ಎರಡೂ ಕೈ ಎತ್ತಿದೆ. ಅಪ್ಪ ನನ್ನ ಎರಡೂ ಮಣಿಕಟ್ಟನ್ನು ಹಿಡಿದುಕೊಂಡುಬಿಟ್ಟ. ನನ್ನನ್ನು ನೋಡಲಿಲ್ಲ, ವೇದಿಕೆಯನ್ನೇ ನೋಡುತ್ತಿದ್ದ. ನಾನು ಆ ಹ್ಯಾಟನ್ನು ನೋಡುತ್ತಿದ್ದೆ. ಲೈಮನ್ ತಲೆ ತಗ್ಗಿಸಿ ನಿಂತವನು ನಿಂತೇ ಇದ್ದ. ಹಾಕ್ಕೊಳೋ ಪಾಪಿ, ಹಾಕ್ಕೊಳೋ ಅಂತ ಒಳಗೊಳಗೇ ಕಿರುಚಿದೆ. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ಅಪ್ಪ ನನ್ನ ಮೇಲೆ ಒರಗಿದ, ಇಬ್ಬರೂ ಕುರ್ಚಿಗಳ ನಡುವೆ ಬಿದ್ದೆವು. ಆಗಲೂ ಹ್ಯಾಟು ಲೈಮನ್ ಕೈಯಲ್ಲೇ ಇತ್ತು.

ಉಳಿದದ್ದು ನಿನಗೆ ಗೊತ್ತು. ಸೋಮವಾರ ನೀನು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಮಾಸ್ಕ್ ಸರಿಸಿ ಹೇಳಿದ ಎರಡನೇ ಮಾತು ಇದು. "ಹೆಸರನ್ನ ಸರ್ಯಾಗಿ ಹೇಳ್ದ ಅಲ್ವಾ ಅವ್ನು?" ಸರಿಯಾಗಿ ಹೇಳ್ದ ಅಪ್ಪಾ ಅಂದೆ.

ಕೈ ಬಿಡಿಸಿಕೊಳ್ಳಬಹುದಿತ್ತು. ಅಪ್ಪನಲ್ಲಿ ಏನು ಬಲ ಉಳಿದಿತ್ತು, ಒಂದು ಸಲ ಕೊಡವಿದ್ದರೆ ಸಾಕಿತ್ತು. ಇದನ್ನು ನೀನು ಕೇಳುವ ಮೊದಲೇ ಬರೆದಿದ್ದೇನೆ. ಹಾಗೆ ಮಾಡಿದ್ದರೆ ಅಪ್ಪ ಇನ್ನೊಂದು ಚಳಿಗಾಲ ಬದುಕುತ್ತಿದ್ದನೋ ಏನೋ, ನನ್ನ ಮುಖ ನೋಡದೆ, ಗೋಡೆ ನೋಡಿಕೊಂಡು. ಯಾವುದು ಸರಿ ಅಂತ ನನಗೆ ಗೊತ್ತಿಲ್ಲ. ಕೆಲವು ದಿನ ಅಪ್ಪನ ಮೇಲೆ ವಿಪರೀತ ಸಿಟ್ಟು ಬರುತ್ತದೆ. ಸತ್ತು ಐವತ್ತು ವರ್ಷವಾದ ತಮ್ಮ ದೊಡ್ಡವನಾದ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತ ಮಗಳು ಕಾಣಲಿಲ್ಲ. ಆದರೆ ನಾನು ಕ್ಷಮೆ ಕೇಳುತ್ತಿಲ್ಲ, ನಿನ್ನಿಂದಲೂ ಕೇಳಿಸುತ್ತಿಲ್ಲ. ನೀನು ಊಟ ಮಾಡು. ಯಂತ್ರ ಒಳ್ಳೆಯದೇ ಇತ್ತು.

ಮನೆಯಲ್ಲಿ ಈಗ ಪುಸ್ ಅನ್ನುವ ಸದ್ದಿಲ್ಲ. ನನಗೆ ನಿದ್ದೆ ಬರುವುದಿಲ್ಲ. ನೀನು ಬಂದರೆ ಬಾ, ನಿನ್ನ ಕೋಣೆಯ ಹಾಸಿಗೆ ಒಗೆದು ಹಾಕಿದ್ದೇನೆ. ಬೈಯಲಿಕ್ಕಾದರೂ ಬಾ.

ನಿನ್ನ ಅಕ್ಕ,
ರೇವಾ

ತಾ.ಕ.: ರೆಕಾರ್ಡು ಹೊರಗೆ ಬಂದಿದೆ, ಇದರ ಜೊತೆ ಒಂದನ್ನು ಕಳಿಸುತ್ತಿದ್ದೇನೆ. ಗಣಿಯ ಹಾಡು ಎಲ್ಲಕ್ಕಿಂತ ಕೊನೆಗಿದೆ. ಹೋಬರ್ಟ್ ಚಿಕ್ಕಪ್ಪನ ಹೆಸರು ಮುಗಿದ ತಕ್ಷಣ ನಿನಗೆ ಚಪ್ಪಾಳೆ ಕೇಳಿಸುತ್ತದೆ, ದೊಡ್ಡ ಚಪ್ಪಾಳೆ, ತುಂಬಾ ಹೊತ್ತು. ಅದನ್ನು ಕೇಳಿ ನಾನು ಸುಳ್ಳು ಬರೆದೆ ಅಂದುಕೊಳ್ಳಬೇಡ. ಹಾಡು ಮುಗಿದ ಮೇಲೆ ಏನೂ ಕೇಳಿಸದಿದ್ದರೆ ಹೊರಗಿನವರು ಹಾಡು ಯಾರಿಗೂ ಹಿಡಿಸಲಿಲ್ಲ ಅಂದುಕೊಳ್ಳುತ್ತಾರೆ ಅಂತ ಕಂಪನಿಯವರು ಅದೇ ದಿನದ ಬೇರೆ ಹಾಡಿನ ಚಪ್ಪಾಳೆಯನ್ನು ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದಾರೆ, ಅರ್ಲೀನ್ ಹೇಳಿದಳು. ಅವಳು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಕೊನೆಯವರೆಗೆ ಕೇಳು. ಎಲ್ಲರೂ ನಿಲ್ಲಿಸಿದ ಮೇಲೂ ಒಬ್ಬಳು ತಟ್ಟುತ್ತಲೇ ಇರುತ್ತಾಳೆ. ಅದು ನಾನು.